ಅರವತ್ತೆರಡು ಅಂಗಡಿಗಳ ಅಸಿಬೆ

ಅಸಿಬೆಯನ್ನು ಹಿಂದಿನಿಂದ ನೋಡಿದರೂ ಸಾಕು, ಗುರುತು ಹಿಡಿಯಬಹುದು. ಅವನ ಬಲ ಹೆಗಲು ಎಡ ಹೆಗಲಿಗಿಂತ ಮೂರು ಬೆರಳು ಕೆಳಗೆ. ಆ ಕೊರತೆಯನ್ನು ಸರಿದೂಗಿಸಲೋ ಎಂಬಂತೆ ತಲೆ ಸದಾ ಎಡಕ್ಕೆ ವಾಲಿರುತ್ತದೆ, ಹಾಗಾಗಿ ಎದುರಿಗಿದ್ದವರ ಮಾತನ್ನೆಲ್ಲ ಅನುಮಾನಿಸುತ್ತಿರುವ ಭಂಗಿಯೊಂದು ಅವನಿಗೆ ಖಾಯಮ್ಮಾಗಿ ಅಂಟಿಕೊಂಡಿದೆ. ನಿಜ ಹೇಳಬೇಕೆಂದರೆ ಅವನಷ್ಟು ಬೇಗ ಇನ್ನೊಬ್ಬರ ಮಾತನ್ನು ನಂಬಿಬಿಡುವ ಮನುಷ್ಯನನ್ನು ನಾನು ದೇಶ ಬಿಟ್ಟು ಬಂದು ನೆಲೆಸಿದ ಈ ಕುಮಾಸಿ ನಗರದಲ್ಲಿ ಇಪ್ಪತ್ತೇಳು ವರ್ಷಗಳಲ್ಲಿ ಕಂಡಿಲ್ಲ. ಹೆಗಲು ಇಳಿದದ್ದು ಕಾಯಿಲೆಯಿಂದಲ್ಲ, ಕಸುಬಿನಿಂದ. ಹತ್ತೊಂಬತ್ತು ವರ್ಷ ಕಾಲ ಹೊಲಿಗೆ ಯಂತ್ರವನ್ನು ಆ ಹೆಗಲ ಮೇಲೆ ಹೊತ್ತು, ಬಂಟಾಮಾದಿಂದ ಅಸಾಫೊವರೆಗಿನ ಓಣಿಗಳನ್ನೆಲ್ಲ ಅಳೆದು, ಕೆಟ್ಟುಹೋದ ಯಂತ್ರಗಳನ್ನು ಮನೆಬಾಗಿಲಲ್ಲೇ ಕುಳಿತು ರಿಪೇರಿ ಮಾಡಿದವನು ಅವನು. ಈಗ ಆ ಹೆಗಲಿಗೆ ನೇತುಬಿದ್ದಿರುವುದು ಎರಡು ಫೋನು, ಒಂದು ಟ್ಯಾಬ್ಲೆಟ್ ಇರುವ ತೆಳ್ಳನೆಯ ಚೀಲ ಮಾತ್ರ.

ಆ ಟ್ಯಾಬ್ಲೆಟ್ಟಿನೊಳಗೆ ಅವನು ಮಾರುವುದು ಒಂದು ಅಳತೆ ಪುಸ್ತಕ. ರಾಜಧಾನಿ ಅಕ್ರಾದ ಕಂಪನಿಯೊಂದು ಸಣ್ಣಪುಟ್ಟ ಹೊಲಿಗೆ ಅಂಗಡಿಗಳಿಗೆಂದೇ ಮಾಡಿದ ಆನ್‌ಲೈನ್ ವ್ಯವಸ್ಥೆ ಅದು. ಗಿರಾಕಿಯ ಹೆಸರು, ಫೋನ್ ನಂಬರು, ಎದೆ ಸೊಂಟ ತೋಳುಗಳ ಅಳತೆ, ಕೊಟ್ಟ ಬಟ್ಟೆಯ ಚಿತ್ರ, ಹೊಲಿದು ಕೊಡಬೇಕಾದ ದಿನ, ಇಷ್ಟನ್ನು ತುಂಬಿದರೆ ಸಾಕು, ಎರಡು ದಿನ ಮುಂಚೆ ಗಿರಾಕಿಗೆ ತಾನಾಗಿ ಸಂದೇಶ ಹೋಗುತ್ತದೆ, ಫೋನು ಕಳೆದರೂ ಅಳತೆ ಕಳೆಯುವುದಿಲ್ಲ. ಕಂಪನಿಯವರು ಅವನಿಗೆ 'ಅಶಾಂಟಿ ಪ್ರಾಂತ್ಯದ ತಂತ್ರಜ್ಞಾನ ಪಾಲುದಾರ' ಎಂಬ ಬಿರುದನ್ನು ದಯಪಾಲಿಸಿ, ಅದನ್ನು ಹೊಳೆಯುವ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿ, ಐನೂರು ಕಾರ್ಡುಗಳ ಕಟ್ಟೊಂದನ್ನು ಬಸ್ಸಿನಲ್ಲಿ ಕಳಿಸಿದ್ದರು. ಅಸಿಬೆ ಅವುಗಳ ಖಾಲಿ ಬೆನ್ನಿನ ಮೇಲೆ ಹೆಂಗಸರಿಗೆ ಬೇಕಾದ ದಾರದ ಬಣ್ಣಗಳನ್ನು ಬರೆದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದ. ನನ್ನದು ದಾರ, ಗುಂಡಿ, ಜಿಪ್ಪು, ಲೇಸಿನ ಅಂಗಡಿ. ಅವನ ಪಾಲುದಾರಿಕೆಯ ಕಾರ್ಡುಗಳು ಬಹುಪಾಲು ನನ್ನ ಕಸದ ಬುಟ್ಟಿಯಲ್ಲೇ ಮುಕ್ತಾಯ ಕಂಡವು.

ಕುಮಾಸಿಯ ಬಿಸಿಲಿನಲ್ಲೂ ಅವನು ಬಿಚ್ಚದ ಕಂದು ಕೋಟೊಂದಿದೆ. ಒಂಬತ್ತು ಜೇಬು. ಮೇಲಿನ ಜೇಬುಗಳಲ್ಲಿ ಚಾರ್ಜರಿನ ವಯರುಗಳು, ಸಿಮ್ಮುಗಳು; ಕೆಳಗಿನ ಜೇಬುಗಳಲ್ಲಿ ಹಳೆಯ ಕಸುಬಿನ ಸ್ಕ್ರೂಡ್ರೈವರು, ಸೂಜಿಗಳ ಡಬ್ಬಿ, ಮೂತಿ ಉದ್ದದ ಒಂದು ಎಣ್ಣೆ ಬುಡ್ಡಿ. ಕೋಟಿನ ಬಲಗಡೆಯ ಅಂಚಿನಲ್ಲಿ ಎಣ್ಣೆಯ ಕಲೆ ಎಂದೂ ಆರಿದ್ದಿಲ್ಲ. ಹೊಲಿಗೆ ಅಂಗಡಿಗೆ ಕಾಲಿಟ್ಟ ಕೂಡಲೇ ಅವನ ಕಿವಿ ಮೊದಲು ಹೋಗುವುದು ಯಂತ್ರದ ಸದ್ದಿಗೆ. ಎಲ್ಲೋ ಒಂದು ಕಡೆ ಕಿರ್ರೆಂದರೆ ಮಾತು ಅರ್ಧಕ್ಕೆ ನಿಲ್ಲಿಸಿ, ಮಂಡಿಯೂರಿ, ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಆಮೇಲೆ ಎದ್ದು ಮಾತು ಎಲ್ಲಿಗೆ ಬಂದಿತ್ತೆಂದು ಕೇಳುತ್ತಾನೆ. ಅವನ ಅರವತ್ತೆರಡು ಅಂಗಡಿಗಳಲ್ಲಿ ಅರ್ಧದಷ್ಟಾದರೂ ಫೋನಿಗಿಂತ ಎಣ್ಣೆಗೆ ಮರುಳಾಗಿ ಬಂದವು ಎಂಬುದು ನನ್ನ ಅಂದಾಜು.

ಅವನ ಮಾತಿನ ಚಾಳಿಯನ್ನು ಹೇಳದೆ ಚಿತ್ರ ಪೂರ್ತಿಯಾಗುವುದಿಲ್ಲ. ಹಿರಿಯರ ಮುಂದೆ ರೋಗ, ಮಲ, ಮೂತ್ರ, ಮೈಯ ಗುಟ್ಟು ಇಂಥ ಏನನ್ನಾದರೂ ಬಾಯಿಗೆ ತರುವ ಮುನ್ನ ಇಲ್ಲಿನವರು 'ಸೆಬೆ' ಎಂದು ಕ್ಷಮೆ ಕೇಳಿಕೊಳ್ಳುತ್ತಾರೆ. ಅಸಿಬೆ ಈ ಪದವನ್ನು ಬಳಸುವುದು ಪಾಸ್‌ವರ್ಡಿಗೆ. ಒಬ್ಬ ಗೌರವಸ್ಥ ಹೆಂಗಸಿನ ಹತ್ತಿರ ಹೋಗಿ ನಿನ್ನ ಗುಟ್ಟಿನ ಮಾತು ಯಾವುದು ಎಂದು ಕೇಳುವುದು ಅವನ ಪ್ರಕಾರ ಶುದ್ಧ ಅಸಭ್ಯತೆ. ಹಾಗಾಗಿ, "ಸೆಬೆ ಮೇಡಂ, ನಿಮ್ಮ ಪಾಸ್‌ವರ್ಡು" ಎಂದು ತಗ್ಗಿದ ದನಿಯಲ್ಲಿ ಹೇಳಿ, ಆಕೆ ಅಕ್ಷರ ಒತ್ತಿ ಮುಗಿಸುವವರೆಗೆ ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತಾನೆ. ಕಾಲಕ್ರಮದಲ್ಲಿ 'ಅಪ್‌ಡೇಟ್' ಎಂಬ ಪದಕ್ಕೂ ಅವನು ಸೆಬೆ ಸೇರಿಸತೊಡಗಿದ. ಯಾಕಪ್ಪಾ ಎಂದು ಕೇಳಿದ್ದಕ್ಕೆ, ಯಜಮಾನಿ ಮಲಗಿದ್ದಾಗ ಮನೆಯೊಳಗೆ ನುಗ್ಗಿ ಪಾತ್ರೆಗಳ ಜಾಗ ಬದಲಾಯಿಸಿ ಹೋಗುವುದು ಸಭ್ಯರ ಕೆಲಸವೇ ಎಂದು ನನ್ನನ್ನೇ ತಿರುಗಿ ಕೇಳಿದ.

ಮಾರಾಟದಲ್ಲೂ ಅವನದು ಒಂದು ಹಟ. ಮೊದಲ ದಿನ ಯಾರಿಗೂ ಏನನ್ನೂ ಮಾರುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ, ಸ್ಟೂಲೊಂದನ್ನು ಎಳೆದುಕೊಂಡು ಮೂಲೆಯಲ್ಲಿ ಕುಳಿತರೆ ಸಂಜೆಯವರೆಗೆ ಏಳುವುದಿಲ್ಲ. ಯಾರು ಬರುತ್ತಾರೆ, ಯಾರ ಹೆಸರನ್ನು ಯಜಮಾನಿ ಮರೆಯುತ್ತಾಳೆ, ಯಾರಿಗೆ ಸುಳ್ಳು ಹೇಳುತ್ತಾಳೆ ಎಂದು ನೋಡುತ್ತ, ಹುರಿದ ಬಾಳೆಕಾಯಿ, ಕಡಲೆಕಾಯಿ ತಿನ್ನುತ್ತ ಕೂತಿರುತ್ತಾನೆ. ಬೇರೆ ಕಂಪನಿಗಳ ತರುಣರು ಒಂದೇ ಬಣ್ಣದ ಅಂಗಿ ತೊಟ್ಟು ಬೈಕಿನಲ್ಲಿ ಬಂದು ದಿನಕ್ಕೆ ಹನ್ನೆರಡು ಅಂಗಡಿ ಮುಗಿಸುತ್ತಿದ್ದ ಕಾಲದಲ್ಲಿ ಇವನು ವಾರಕ್ಕೆ ಒಂದು ಅಂಗಡಿ ಮಾಡುತ್ತಿದ್ದ. ಅಕ್ರಾ ಕಚೇರಿಯಲ್ಲಿ ಇವನ ಮೇಲ್ವಿಚಾರಣೆಗೆ ಎಲೋರ್ಮ್ ಎಂಬ ಚುರುಕು ಹುಡುಗಿಯೊಬ್ಬಳಿದ್ದಳು. ಫೋನಿನಲ್ಲೇ ಬಗೆಹರಿಯುವ ತೊಂದರೆಗೆ ಟ್ರೊಟ್ರೊ ವ್ಯಾನು ಹತ್ತಿ ಟಾಫೊವರೆಗೆ ಯಾಕೆ ಹೋಗುತ್ತೀರಿ ಅಂಕಲ್ ಎಂದು ಆಕೆ ಪ್ರತಿ ವಾರ ಕೇಳುತ್ತಿದ್ದಳು, ಇವನು ಪ್ರತಿ ವಾರ ಹೋಗುತ್ತಿದ್ದ. ನನಗಂತೂ ಅದನ್ನು ಮಾರಲು ಅವನು ಒಪ್ಪಲೇ ಇಲ್ಲ. ನಾನಾಗಿಯೇ ಬಾಯಿಬಿಟ್ಟು ಕೇಳಿದಾಗ ನನ್ನ ಅಂಗಡಿಯನ್ನೊಮ್ಮೆ ಸುತ್ತ ನೋಡಿ, "ನಿಮಗೆ ಬೇಡ ಅಣ್ಣಾ. ಅರ್ಧ ನಿಮ್ಮ ತಲೇಲಿದೆ, ಉಳಿದರ್ಧ ನಿಮ್ಮ ಹೆಂಡ್ತಿ ತಲೇಲಿದೆ. ಮೂರನೇ ತಲೆ ತಂದರೆ ಜಗಳ ಆಗತ್ತೆ" ಎಂದ.

ಇಂಥವನನ್ನು ಎರಡು ವರ್ಷ ಸತಾಯಿಸಿದವಳು ಮೇಡಂ ಬಿರಾಗೊ. ಅಸಾಫೊ ಮಾರುಕಟ್ಟೆಯ ಹಿಂದೆ ಆಕೆಯ ಹೊಲಿಗೆ ಅಂಗಡಿ. ಆರು ಯಂತ್ರ, ಎಂಟು ಮಂದಿ ಕೆಲಸ ಕಲಿಯುವ ಹೆಣ್ಣುಮಕ್ಕಳು. ಮದುವೆಯ ಬಟ್ಟೆ, ಇಗರ್ಜಿಯ ಬಟ್ಟೆ ಎಲ್ಲವನ್ನೂ ಹೊಲಿಯುತ್ತಿದ್ದಳಾದರೂ ಆಕೆಯ ಹೆಸರು ನಿಂತಿದ್ದು ಅಂತ್ಯಕ್ರಿಯೆಯ ಬಟ್ಟೆಯ ಮೇಲೆ. ಇಲ್ಲಿ ಶನಿವಾರವೆಂದರೆ ಸತ್ತವರ ದಿನ. ಶವವನ್ನು ವಾರಗಟ್ಟಲೆ ಕಾಯ್ದಿಟ್ಟು, ದೂರದೂರುಗಳಿಂದ ಬಂಧುಗಳೆಲ್ಲ ಸೇರಿ, ಮನೆಯ ಹೆಣ್ಣುಮಕ್ಕಳು ಒಂದೇ ಮಾದರಿಯ ಕೆಂಪು ಕಪ್ಪು ಬಟ್ಟೆಯಲ್ಲಿ ಸಾಲಾಗಿ ಕೂತು ಬೀಳ್ಕೊಡುತ್ತಾರೆ. ಮದುವೆಯ ಬಟ್ಟೆ ತಡವಾದರೆ ಬೈದು ಮರೆತುಬಿಡುವ ಜನ ಶನಿವಾರದ ಬಟ್ಟೆ ತಪ್ಪಿದರೆ ಮೂರು ತಲೆಮಾರು ನೆನಪಿಡುತ್ತಾರೆ. ಮೇಡಂ ಬಿರಾಗೊ ಮೂವತ್ತು ವರ್ಷಗಳಲ್ಲಿ ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ.

ಆಕೆಯ ಬಳಿ ಹದಿನಾಲ್ಕು ಉದ್ದನೆಯ ಅಳತೆ ಪುಸ್ತಕಗಳಿದ್ದವು. ಹೆಸರುಗಳ ಪಕ್ಕ ಆಕೆ ಚಿಕ್ಕ ಚಿಕ್ಕ ಚಿತ್ರ ಬರೆಯುತ್ತಿದ್ದಳು: ಮೀನು ಮಾರುವವಳಿಗೆ ಮೀನು, ಶಾಲೆಯವಳಿಗೆ ಸೀಮೆಸುಣ್ಣ, ಜಗಳಗಂಟಿಗೆ ತೆರೆದ ಬಾಯಿ. ಚಿತ್ರ ಬೇಕೇ ಬೇಕಿತ್ತು. ಯಾಕೆಂದರೆ ಇಲ್ಲಿ ಹುಟ್ಟಿದ ವಾರವೇ ಹೆಸರು. ಭಾನುವಾರ ಹುಟ್ಟಿದವಳು ಅಕೊಸುವಾ, ಗುರುವಾರ ಹುಟ್ಟಿದವಳು ಯಾ. ಒಂದು ಮನೆಯಲ್ಲಿ ನಾಲ್ಕು ಅಕೊಸುವಾ ಇದ್ದರೆ ಯಾರಿಗೂ ಅದು ವಿಶೇಷವಲ್ಲ. ಅಸಿಬೆ ಆಕೆಯ ಮೂಲೆಯ ಸ್ಟೂಲಿನ ಮೇಲೆ ಒಟ್ಟು ಹನ್ನೊಂದು ದಿನ ಕುಳಿತಿದ್ದಾನೆ. ಕೊನೆಗೆ ಗೆದ್ದಲು ಅವನ ಪರವಾಗಿ ವಾದಿಸಿತು. ಐದನೆಯ ಪುಸ್ತಕವನ್ನೂ ಏಳನೆಯ ಪುಸ್ತಕದ ಅರ್ಧವನ್ನೂ ತಿಂದುಹಾಕಿತು. ಮೇಡಂ ಸೋತೆನೆಂದು ಹೇಳದೆ, ಫೋನನ್ನು ಅವನ ಕೈಗಿತ್ತು, ಏನು ಮಾಡಬೇಕೋ ಮಾಡು ಎಂದಳು.

ಅವನು ಮಾಡಿದ. ಶೋಕದ ಮನೆಯವರ ಬಟ್ಟೆಯನ್ನು ಹೇಗೆ ಬರೆದುಕೊಳ್ಳಬೇಕೆಂದು ಅವನೇ ಕಲಿಸಿಕೊಟ್ಟ. ಸಾವಾದ ಮನೆಯ ಬಂಧುಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಬಟ್ಟೆಯ ಮಾತಾಡುವುದು ಇಲ್ಲಿ ಯಾರೂ ಮಾಡದ ಕೆಲಸ. ಮನೆಯ ಹಿರಿಯ ಹೆಂಗಸೊಬ್ಬಳೇ ಎಲ್ಲರ ಪರವಾಗಿ ಮಾತಾಡುತ್ತಾಳೆ. ಆದ್ದರಿಂದ ಮೂವತ್ತು ಮಂದಿಯ ಅಳತೆಯಿದ್ದರೂ ಎಲ್ಲರ ಮುಂದೆ ಆ ಒಬ್ಬಳದೇ ನಂಬರು. ಅಕ್ರಾದ ವ್ಯವಸ್ಥೆಯಲ್ಲಿ ಹೆಸರಿನ ಪಕ್ಕ ಚಿತ್ರ ಬರೆಯಲು ಜಾಗವಿರಲಿಲ್ಲವಾದ್ದರಿಂದ ಹೆಸರು ಬರಿಯ ಹೆಸರಾಯಿತು. ಮನೆಮಂದಿಗೆಲ್ಲ ಒಂದೇ ನಂಬರು ಎಂಬುದಕ್ಕಿಂತ ಸಹಜವಾದ ಏರ್ಪಾಡು ಈ ಊರಿನಲ್ಲಿ ಇನ್ನೊಂದಿರಲಾರದು. ಒಂದು ವರ್ಷ ಎಲ್ಲವೂ ಸುಗಮವಾಗಿ ನಡೆಯಿತು, ಮೇಡಂ ಬಿರಾಗೊ ಹಳೆಯ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೇರಿಸಿದಳು.

ಕಳೆದ ಆಗಸ್ಟಿನ ಒಂದು ಮಂಗಳವಾರ ಅಸಿಬೆ ಎಂದಿನಂತೆ ನನ್ನ ಗಲ್ಲಾದ ಪಕ್ಕ ಕುಳಿತು ಬೆಳಗಿನ ಗಂಜಿ ಕುಡಿಯುತ್ತಿದ್ದಾಗ ಟ್ಯಾಬ್ಲೆಟ್ಟಿಗೆ ಅಕ್ರಾದಿಂದ ಸಂದೇಶ ಬಂತು. ಅವನು ಅದನ್ನು ಗಟ್ಟಿಯಾಗಿ ಓದಿದ. ಒಂದೇ ಹೆಸರು, ಒಂದೇ ಫೋನ್ ನಂಬರು ಇರುವ ಗಿರಾಕಿಗಳು ನಿಮ್ಮ ಅಂಗಡಿಗಳಲ್ಲಿ ಮತ್ತೆ ಮತ್ತೆ ದಾಖಲಾಗಿದ್ದಾರೆ. ಅವರನ್ನು ಕೂಡಿಸಿ ಪಟ್ಟಿಯನ್ನು ಚೊಕ್ಕಟ ಮಾಡಬಹುದೇ? ಚೊಕ್ಕಟ ಎಂಬ ಮಾತು ಅವನಿಗೆ ಬಲು ಪ್ರಿಯ. ಗಂಜಿಯ ಬಟ್ಟಲನ್ನು ಕೆಳಗಿಟ್ಟು, ಬೆರಳನ್ನು ಕೋಟಿಗೆ ಒರೆಸಿಕೊಂಡು, ಅರವತ್ತೆರಡು ಅಂಗಡಿಗಳ ಪರವಾಗಿ ಒಂದೇ ಏಟಿಗೆ 'ಹೌದು' ಎಂಬುದನ್ನು ಒತ್ತಿದ. ನಾನು ಪಕ್ಕದಲ್ಲೇ ಇದ್ದೆ. ಒಳ್ಳೆಯ ಕೆಲಸ ಮಾಡಿದೆ ಎಂದೆ.

ಮರುದಿನ ಮೇಡಂ ಬಿರಾಗೊಳ ಅಂಗಡಿಯಲ್ಲಿ ಮಾಂಪಾಂಗ್ ಊರಿನ ಒಂದು ದೊಡ್ಡ ಮನೆಯ ಬಟ್ಟೆ ಕತ್ತರಿಸುತ್ತಿದ್ದರು. ಶನಿವಾರದ ಅಂತ್ಯಕ್ರಿಯೆ, ಮೂವತ್ತೊಂದು ಹೆಂಗಸರು. ಅಳತೆಗಳನ್ನು ಮೂರು ವಾರ ಮುಂಚೆ ನೇರವಾಗಿ ಫೋನಿಗೇ ತುಂಬಿದ್ದರು, ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಮಧ್ಯಾಹ್ನ ಮೇಡಂ ಕತ್ತರಿಸಿಟ್ಟ ಬಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವಾಗ ನಾಲ್ಕು ಅಕೊಸುವಾರ ಲಂಗಗಳೂ ಅಂಚಿಗೆ ಅಂಚು ಸರಿಯಾಗಿ ಕೂತವು. ಆಕೆ ಫೋನು ತೆರೆದು ನೋಡಿದಳು. ಮೂವತ್ತೊಂದು ಬಟ್ಟೆಗಳು ಪಟ್ಟಿಯಲ್ಲಿ ಹಾಗೇ ಇದ್ದವು, ಆದರೆ ಅಳತೆಗಳು ಉಳಿದಿದ್ದದ್ದು ಹನ್ನೆರಡು ಮಾತ್ರ. ಒಂದೇ ಹೆಸರಿನವರಲ್ಲಿ ಕೊನೆಗೆ ಯಾರ ಮೈ ಅಳೆದಿದ್ದರೋ ಅವಳ ಅಳತೆ ನಿಂತು, ಉಳಿದವರದು ಅಳಿಸಿಹೋಗಿತ್ತು. ಅಷ್ಟರಲ್ಲಿ ಹದಿನಾಲ್ಕು ಬಟ್ಟೆಗಳಿಗೆ ತಪ್ಪು ಅಳತೆಯಲ್ಲಿ ಕತ್ತರಿ ಬಿದ್ದಾಗಿತ್ತು.

ಅಸಿಬೆ ಓಡಿ ಬಂದಾಗ ಆಕೆ ಕೂಗಾಡಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟು, "ಮೂವತ್ತು ವರ್ಷ, ಅಸಿಬೆ" ಎಂದಳು. ಅಷ್ಟೇ. ಆಕೆ ಬೈದಿದ್ದರೆ ತಾನು ಬದುಕಿಕೊಳ್ಳುತ್ತಿದ್ದೆ ಎಂದು ಅವನು ಆಮೇಲೆ ನನ್ನಲ್ಲಿ ಹೇಳಿಕೊಂಡ.

ಅಕ್ರಾಕ್ಕೆ ಫೋನು ಹೋಯಿತು. ಅಳಿಸಿದ್ದನ್ನು ಮರಳಿ ತರಬಹುದು, ಆದರೆ ಸೋಮವಾರದ ತನಕ ಹಿಡಿಯುತ್ತದೆ ಎಂದಳು ಎಲೋರ್ಮ್. ಆಕೆ ಕೆಟ್ಟವಳಲ್ಲ, ಇವನ ದನಿ ಕೇಳಿ ಗಾಬರಿಯಾಗಿ, ಸರ್ವರ್ ತೊಂದರೆ ಎಂದು ಹೇಳಿಬಿಡಿ ಅಂಕಲ್, ಕಂಪನಿಯಿಂದ ಪತ್ರ ಬೇಕಾದರೂ ಕಳಿಸುತ್ತೇನೆ ಎಂದಳು. ನನ್ನ ಸಲಹೆ ಅದಕ್ಕಿಂತ ಉತ್ತಮವಾಗಿರಲಿಲ್ಲ. ನೆಟ್‌ವರ್ಕ್ ಮೇಲೆ ಹಾಕು, ಈ ಊರಿನಲ್ಲಿ ನೆಟ್‌ವರ್ಕನ್ನು ಬೈಯದವರು ಯಾರಿದ್ದಾರೆ ಎಂದೆ. ಅವನು ತಲೆಯನ್ನು ಇನ್ನಷ್ಟು ವಾಲಿಸಿ ನನ್ನನ್ನು ನೋಡಿದ.

"ನೆಟ್‌ವರ್ಕಿಗೆ ಬೆರಳಿಲ್ಲ ಅಣ್ಣಾ. ಒತ್ತಿದ್ದು ಈ ಬೆರಳು. ನೀವೇ ನೋಡಿದ್ದೀರಿ."

ಉಳಿದ ಅಂಗಡಿಗಳಿಗೆಲ್ಲ ಅವನು ಅಂದೇ ಫೋನು ಮಾಡಿ, ಸೋಮವಾರದವರೆಗೆ ಫೋನಿನ ಅಳತೆ ನೋಡಿ ಕತ್ತರಿಸಬೇಡಿ ಎಂದ. ಆ ಶನಿವಾರಕ್ಕೆ ಇಷ್ಟು ದೊಡ್ಡ ಕೆಲಸ ಬೇರೆಲ್ಲೂ ಇರಲಿಲ್ಲ, ಸದ್ಯ. ಮಾಂಪಾಂಗ್‌ಗೆ ಮಾತ್ರ ಫೋನು ಸಾಲದು. ತಪ್ಪು ಮಾಡಿದವನು ಇಲ್ಲಿ ಒಬ್ಬನೇ ಹೋಗಿ ಕ್ಷಮೆ ಕೇಳುವುದಿಲ್ಲ. ತನ್ನ ಪರವಾಗಿ ಬೇಡಿಕೊಳ್ಳಲು ಕೂದಲು ನರೆತ ಒಬ್ಬನನ್ನು ಮುಂದಿಟ್ಟುಕೊಂಡು, ಮದ್ಯದ ಬಾಟಲಿಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಬೇಕು. ನರೆತ ಕೂದಲು ನನ್ನಲ್ಲಿ ಧಾರಾಳವಾಗಿದ್ದುದರಿಂದ ಗುರುವಾರ ಬೆಳಿಗ್ಗೆ ನಾವು ಮೂವರು, ಅಸಿಬೆ, ಮೇಡಂ ಬಿರಾಗೊ ಮತ್ತು ನಾನು, ಟ್ರೊಟ್ರೊ ಹತ್ತಿದೆವು. ದಾರಿಯುದ್ದಕ್ಕೂ ಮೇಡಂ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ಮನೆಯ ಮುಂದೆ ಆಗಲೇ ಶಾಮಿಯಾನ ಕಟ್ಟುತ್ತಿದ್ದರು, ಪ್ಲಾಸ್ಟಿಕ್ ಕುರ್ಚಿಗಳ ರಾಶಿ ಇಳಿಯುತ್ತಿತ್ತು. ನಡುವೆ ನಾನಾ ದುಫಿಯೆ ಕುಳಿತಿದ್ದಳು. ಸತ್ತವನ ಅಕ್ಕ, ಎಂಬತ್ತರ ಹತ್ತಿರದ ಮುದುಕಿ; ಹಿರಿಯರನ್ನು ಇಲ್ಲಿ 'ನಾನಾ' ಎಂದು ಗೌರವದಿಂದ ಕರೆಯುತ್ತಾರೆ. ಆ ಮನೆಯ ಮೂವತ್ತೊಂದು ಹೆಂಗಸರಿಗೂ ನಂಬರಾದ ಆ ಒಂದು ಫೋನು ಆಕೆಯ ಕೊರಳಲ್ಲಿ ಚೀಲವೊಂದರಲ್ಲಿ ತೂಗುತ್ತಿತ್ತು. ಕುಡಿಯಲು ನೀರು ಕೊಟ್ಟು, ಬಂದ ಕಾರಣ ಕೇಳಿದರು. ಇಲ್ಲಿಯವರ ಟ್ವಿ ಭಾಷೆ ನನಗೆ ಗುಂಡಿ ಮಾರುವಷ್ಟು ಬರುತ್ತದೆ, ಕ್ಷಮೆ ಬೇಡಲು ಬೇಕಾದ ಟ್ವಿ ಬೇರೆಯೇ. ಮನುಷ್ಯ ಎಂದಮೇಲೆ ಎಡವುತ್ತಾನೆ ಎಂದು ಶುರುಮಾಡಿ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ, ಎಡವುತ್ತಲೇ ಹೋದೆ. ಮುದುಕಿ ನನ್ನನ್ನು ದಾಟಿ ಅಸಿಬೆಯನ್ನು ನೋಡಿದಳು. ಅವನು ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡಿದ್ದ. ಹಿರಿಯರ ಮುಂದೆ ತಗ್ಗಿ ನಿಲ್ಲುವ ಇಲ್ಲಿಯ ರೀತಿಯಂತೆ ಚಪ್ಪಲಿಯಿಂದ ಪಾದಗಳನ್ನು ಈಚೆ ತೆಗೆದು ನೆಲದ ಮೇಲಿಟ್ಟಿದ್ದ.

"ಬಟ್ಟೆ ಎಲ್ಲಪ್ಪಾ?" ಎಂದಳು.

"ಸೆಬೆ, ನಾನಾ..."

"ಸೆಬೆ ಆಮೇಲೆ. ವಿಷಯ ಹೇಳು."

"ಮೇಡಂ ಬಿರಾಗೊ ತಪ್ಪು ಮಾಡಿಲ್ಲ. ನಿಮ್ಮನೆ ನಾಲ್ಕು ಅಕೊಸುವಾರನ್ನ ಒಬ್ಬಳೇ ಅಂತ ಮಾಡಿದ್ದು ನಾನು. ಕೂಡಿಸಲಾ ಅಂತ ಫೋನ್ ಕೇಳ್ತು. ಮೇಡಮ್ಮನ್ನ ಕೇಳದೆ, ನಿಮ್ಮನ್ನ ಕೇಳದೆ ನಾನು ಹೌದು ಅಂದೆ. ಮೂವರು ಯಾ ಇದ್ರು, ಅವರೂ ಒಬ್ಬಳಾದ್ರು. ಹದಿನಾಲ್ಕು ಬಟ್ಟೆ ತಪ್ಪು ಅಳತೇಲಿ ಕತ್ತರಿಸಿಯಾಗಿದೆ."

ಶಾಮಿಯಾನದ ಹಗ್ಗ ಎಳೆಯುತ್ತಿದ್ದವರೂ ಕೈ ನಿಲ್ಲಿಸಿದರು. "ನಾಲ್ವರಲ್ಲಿ ಯಾವ ಅಕೊಸುವಾ ಉಳಿದಳು?" ಎಂದು ನಾನಾ ದುಫಿಯೆ ಕೇಳಿದಳು. ಅಸಿಬೆಯ ಕಣ್ಣು ಬಾಗಿಲತ್ತ ಹೋಗಿ ಕೆಳಗಿಳಿಯಿತು. ಬಾಗಿಲಲ್ಲಿ ನಿಂತಿದ್ದ, ಬಾಗಿಲಷ್ಟೇ ಅಗಲವಾದ ಹೆಂಗಸೊಬ್ಬಳು ಮುಂದೆ ಬಂದಳು.

"ನಾನು ತಾನೆ? ಹೇಳಪ್ಪಾ, ಹೆದರಬೇಡ. ನಮ್ಮಲ್ಲಿ ಯಾರನ್ನ ಅಳಿಸಿದ್ರೂ ನನ್ನನ್ನ ಅಳಿಸೋಕೆ ಆಗಲ್ಲ."

ಸಾವಿನ ಮನೆ ನಕ್ಕಿತು. ಕಡ್ಡಿಯಂತಿದ್ದ ಇನ್ನೊಬ್ಬ ಅಕೊಸುವಾ ಕಣ್ಣೊರೆಸಿಕೊಂಡು ನಕ್ಕಳು. ಮುದುಕಿ ಮಾತ್ರ ನಗಲಿಲ್ಲ. "ನಗು ಸಾಕು. ನಾಡಿದ್ದು ನನ್ನ ತಮ್ಮ ಹೊರಡ್ತಾನೆ. ಅವನ ಹೆಣ್ಣುಮಕ್ಕಳು ಏನು ಉಟ್ಕೊಂಡು ಅವನ ಮುಂದೆ ನಿಲ್ತಾರೆ, ಅದು ಹೇಳು" ಎಂದಳು.

ಮತ್ತೆ ಅಳೆಯುವುದೊಂದೇ ದಾರಿ. ಮೇಡಂ ಬಿರಾಗೊ ಎದ್ದು ಟೇಪು ಬಿಚ್ಚಿದಳು. ಅಂಗಳದಲ್ಲೇ ಸೀರೆಯಷ್ಟುದ್ದದ ಬಟ್ಟೆಯೊಂದನ್ನು ಮರೆಮಾಡಿ ಹಿಡಿದು ಒಬ್ಬೊಬ್ಬರನ್ನೇ ಮತ್ತೆ ಅಳೆದಳು. ಮರೆಯ ಈಚೆ ಅಸಿಬೆ ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಂಡ. ಇನ್ನೂ ಊರಿಗೆ ಬಾರದ ಆರು ಮಂದಿಯನ್ನು ನಾನಾ ದುಫಿಯೆಯ ಕೊರಳ ಫೋನಿನಲ್ಲೇ ಹಿಡಿದು, ಅವರವರ ಊರಿನ ಹೊಲಿಗೆಯವರಿಂದ ಅಳತೆ ತರಿಸಿದರು. ನಾನಾ ದುಫಿಯೆ ಪ್ರತಿ ಹೆಸರಿಗೂ ಬಾಲ ಜೋಡಿಸಿ ಹೇಳಿದಳು: ಇವಳು ಕೋಕೋ ಗೋದಾಮಿನ ಪಕ್ಕದ ಅಕೊಸುವಾ, ಇವಳು ಅವಳಿ ಹೆತ್ತ ಅಕೊಸುವಾ, ಇವಳು ಗಂಡನನ್ನು ಬಿಟ್ಟು ಬಂದು ಒಳ್ಳೆಯದು ಮಾಡಿದ ಅಕೊಸುವಾ. ಅಸಿಬೆ ಅಷ್ಟನ್ನೂ ಬರೆದ. ಕೊನೆಗೆ ಆಕೆ ಪಟ್ಟಿಯನ್ನು ಪೂರ್ತಿ ಓದಿಸಿ ಕೇಳಿದಳು, ಅವನು ಓದಿದ, ಊರಲ್ಲಿದ್ದವರ ಪ್ರತಿ ಹೆಸರಿಗೂ ಅಂಗಳದ ಯಾವುದೋ ಮೂಲೆಯಿಂದ ಉತ್ತರ ಬಂತು.

ಮಾಂಪಾಂಗ್‌ನಿಂದ ಮರಳಿದ ಮೇಲೆ ಅಸಿಬೆ ಅಸಾಫೊದ ಅಂಗಡಿಯಲ್ಲೇ ಬೀಡುಬಿಟ್ಟ. ಆರು ವರ್ಷಗಳಿಂದ ಬರಿಯ ಎಣ್ಣೆ ಬಿಡುತ್ತಿದ್ದವನು ಈಗ ಯಂತ್ರಗಳ ಹೊಟ್ಟೆ ಬಿಚ್ಚಿ ಕೂತ. ಒಂದರ ಸೂಜಿ ಮುರಿದರೆ ಇನ್ನೊಂದರ ಬಾಬಿನ್ ಸಿಕ್ಕಿಕೊಳ್ಳುತ್ತಿತ್ತು, ಹೊಲಿಯುವವರು ಏಳುವ ಮೊದಲೇ ಅವನ ಕೈ ಅಲ್ಲಿರುತ್ತಿತ್ತು. ದೊಡ್ಡದಾಗಿ ಕತ್ತರಿಸಿದ್ದನ್ನು ಮೇಡಂ ಸಣ್ಣ ಮಾಡಿದಳು. ಸಣ್ಣದಾಗಿ ಕತ್ತರಿಸಿದ್ದಕ್ಕೆ ಮಿಕ್ಕ ತುಂಡುಗಳನ್ನು ಪಕ್ಕೆಗೆ ಕೊಟ್ಟು, ನನ್ನ ಅಂಗಡಿಯ ಕಪ್ಪು ಲೇಸಿನಲ್ಲಿ ಜೋಡಣೆಯನ್ನು ಮರೆಸಿ, ಅದೇ ಹೊಸ ನಮೂನೆ ಎನ್ನುವಂತೆ ಮಾಡಿದಳು. ಶುಕ್ರವಾರ ಸಂಜೆಗೆ ಮೂವತ್ತು ಬಟ್ಟೆ ಮಡಚಿ ಸಿದ್ಧವಾದವು.

ಮೂವತ್ತೊಂದನೆಯದು ಆಗಲಿಲ್ಲ. ಅದು ಸತ್ತವನ ಕಿರಿಯ ಮಗಳದು, ಒಬುವಾಸಿಯ ಆಸ್ಪತ್ರೆಯಲ್ಲಿ ನರ್ಸಾಗಿರುವ ಯಾ. ಮೂವರು ಯಾಗಳಲ್ಲಿ ಕೊನೆಗೆ ಅಳೆದದ್ದು ಹನ್ನೆರಡು ವರ್ಷದ ಮೊಮ್ಮಗಳನ್ನು. ಆ ಮಗುವಿನ ಅಳತೆಗೆ ಕತ್ತರಿಸಿದ ಬಟ್ಟೆಯನ್ನು ಎಷ್ಟು ಅಗಲಿಸಿದರೂ ಹೆಂಗಸಿನ ಮೈಗೆ ಬರಲಿಲ್ಲ. ಅದೇ ಮಾದರಿಯ ಬಟ್ಟೆಗಾಗಿ ನಾನೂ ಅವನೂ ಕೆಜೆಟಿಯಾ ಮಾರುಕಟ್ಟೆಯ ಒಂದೊಂದು ಮಳಿಗೆಯನ್ನೂ ಜಾಲಾಡಿದೆವು, ಒಂದು ಗಜವೂ ಸಿಗಲಿಲ್ಲ. ಮೇಡಂ ಬಿರಾಗೊ ಆ ಪುಟ್ಟ ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅಸಿಬೆ ಹೊರಗೆ ಹೋಗಿ ನಿಂತ.

ಶನಿವಾರ ಅವನು ಅಂತ್ಯಕ್ರಿಯೆಗೆ ಹೋಗಬೇಕಾದ ಅಗತ್ಯವಿರಲಿಲ್ಲ. ಬೇಡ ಎಂದು ನಾನೇ ಹೇಳಿದೆ. ಕಪ್ಪು ಅಂಗಿ ತೊಟ್ಟು ಬಂದು ನನ್ನನ್ನೂ ಎಳೆದುಕೊಂಡು ಹೋದ. ಶಾಮಿಯಾನದ ಕೆಳಗೆ ಮೂವತ್ತು ಹೆಂಗಸರು ಕೆಂಪು ಕಪ್ಪು ಬಟ್ಟೆಯಲ್ಲಿ ಒಂದೇ ಸಾಲಾಗಿ ಕುಳಿತಿದ್ದರು. ನಡುವೆ ಯಾ ಒಬ್ಬಳೇ ತೊಳೆದು ತೊಳೆದು ಬೂದು ತಿರುಗಿದ ಹಳೆಯ ಕಪ್ಪು ಉಡುಪಿನಲ್ಲಿದ್ದಳು. ಬಂದವರೆಲ್ಲ ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಕೈಹಿಡಿದು ಸಾಗಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಸಿಬೆ ನನ್ನ ಮುಂದಿದ್ದ. ಅವಳ ಹತ್ತಿರ ಬಂದಾಗ ಅವನ ಕಾಲು ನಿಂತುಹೋಯಿತು. ಕೈ ಚಾಚಿದ. ಅವನು ಯಾರೆಂದು ಅವಳಿಗೆ ಗೊತ್ತಿತ್ತು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು:

"ಬೆಳಿಗ್ಗೆಯಿಂದ ಬಂದೋರೆಲ್ಲ ನನ್ನೇ ಮೊದಲು ಗುರುತು ಹಿಡೀತಿದ್ದಾರೆ ಅಣ್ಣ. ಅಪ್ಪನಿಗೂ ಇವತ್ತು ನಾನು ಸುಲಭವಾಗಿ ಕಂಡಿರ್ತೀನಿ."

ನಾನು ಅಸಿಬೆ ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ಸಾವಿನ ಮನೆಯಾದ್ದರಿಂದ ಯಾರೂ ಕಾರಣ ಕೇಳಲಿಲ್ಲ.

ಸೋಮವಾರ ಅಕ್ರಾದಿಂದ ಅಳತೆಗಳೆಲ್ಲ ಮರಳಿ ಬಂದವು. ಅವನು ಮಾತ್ರ ಅಷ್ಟಕ್ಕೆ ಬಿಡದೆ ಅರವತ್ತೆರಡು ಅಂಗಡಿಗಳಿಗೂ ಒಂದೊಂದಾಗಿ ನಡೆದು ಹೋಗಿ, ಆ ಮಂಗಳವಾರ ಬೆಳಿಗ್ಗೆ ತಾನು ಏನು ಒತ್ತಿದೆ ಎಂಬುದನ್ನು ತಾನೇ ಹೇಳಿದ. ಏಳು ಮಂದಿ ಕೇಳಿದ ಕೂಡಲೇ ಅವನ ಪುಸ್ತಕವನ್ನು ಫೋನಿನಿಂದ ತೆಗೆಸಿಹಾಕಿದರು. ತೆಗೆಯುವುದು ಹೇಗೆಂದು ಅವರಿಗೆ ತಿಳಿಯದೆ ಅವನೇ ತೆಗೆದುಕೊಟ್ಟ. ಇಷ್ಟೆಲ್ಲ ಹೇಳಿಕೊಳ್ಳಬೇಕಾಗಿರಲಿಲ್ಲ ಅಂಕಲ್, ಒತ್ತಿದವರು ನೀವೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಎಲೋರ್ಮ್ ಬೇಸರಪಟ್ಟಳು. ಮೇಡಂ ಬಿರಾಗೊ ತೆಗೆಸಲಿಲ್ಲ. ಆಕೆಯ ಕ್ಷಮೆ ಬಹಳ ದಿನ ಬರಲಿಲ್ಲ, ಆದರೆ ಮುಂದಿನ ಶನಿವಾರದ ಮನೆಯವರು ಇದರಲ್ಲಿ ಬರೆದರೆ ಅಳತೆ ಕಳೆಯುವುದಿಲ್ಲವೇ ಎಂದು ಅಳುಕಿದಾಗ ಆಕೆ, ಕಳೆದರೆ ಕಳೆದವನು ಬರುತ್ತಾನೆ, ನೀವು ನಿಮ್ಮ ಹೆಸರು ಹೇಳಿ ಎಂದಳಂತೆ.

ಎಲ್ಲೋ ದೊಡ್ಡ ಊರಿನ ತಣ್ಣನೆಯ ಕೋಣೆಯಲ್ಲಿ ಹುಟ್ಟುವ ಇಂಥ ಅನುಕೂಲಗಳು ಓಣಿಯ ಸಣ್ಣ ಅಂಗಡಿಗೆ ತಾವಾಗಿ ನಡೆದು ಬರುವುದಿಲ್ಲ. ಯಾವನೋ ಒಬ್ಬ ಬೆವರುತ್ತ, ಸ್ಟೂಲಿನ ಮೇಲೆ ದಿನಗಟ್ಟಲೆ ಕುಳಿತು, ಅವನ್ನು ಒಳಗೆ ಕರೆತರುತ್ತಾನೆ. ಆ ಯಂತ್ರದ ಒಳಗೇನಿದೆಯೆಂದು ಅಂಗಡಿಯವಳಿಗೆ ತಿಳಿಯದು, ಬಹುಮಟ್ಟಿಗೆ ತಂದವನಿಗೂ ತಿಳಿಯದು. ಆದರೂ ಆಕೆ ಮೂವತ್ತು ವರ್ಷ ಕೂಡಿಟ್ಟ ಹೆಸರನ್ನು ಅದರೊಳಗೆ ಇಡುತ್ತಾಳೆ. ಕೆಟ್ಟ ದಿನ ಬಂದಾಗ ಯಂತ್ರ ಮಾತಾಡುವುದಿಲ್ಲ, ಕಂಪನಿ ಪತ್ರ ಕಳಿಸುತ್ತದೆ. ಇವನೊಬ್ಬ ಮಾತ್ರ ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತು, ನಾನೇ ಎನ್ನುತ್ತಾನೆ. ಅಂಥವರು ಎಷ್ಟು ಮಂದಿ ಇದ್ದಾರೋ ಅಷ್ಟೇ ಅಂಗಡಿಗಳು ಧೈರ್ಯವಾಗಿ ಬಾಗಿಲು ತೆರೆಯುತ್ತವೆ.